ಅಪ್ಪನ ಜರ್ಮನ್ ಟೋಪಿ

ಮರೆವಿನ ಕಾಯಿಲೆ ಹತ್ತಿದ ಅಪ್ಪ ಹೆತ್ತ ಮಗಳನ್ನೇ ‘ನೀವು, ತಾವು’ ಎನ್ನತೊಡಗಿದ್ದರು. ದಿಕ್ಕು ತೋಚದೆ ಅವಳು, ಅವರು ಕೂಡಿಟ್ಟಿದ್ದ ಸೈನಿಕರ ಟೋಪಿಗಳಲ್ಲಿ ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದ ಟೋಪಿಯನ್ನೇ ತಂದು ಕೈಗಿಟ್ಟಳು.

“ಅಪ್ಪಾ, ದಮ್ಮಯ್ಯ, ಇದ್ಯಾವುದು ಹೇಳಿ.”

ಅಪ್ಪನ ಕಣ್ಣು ಹೊಳೆಯಿತು. “ಜರ್ಮನಿಯ ಪರ್ವತ ಪಡೆಯದ್ದು. ಮಹಾಯುದ್ಧದ ಕಾಲದ್ದು. ಇಂಥದ್ದು ಇನ್ನೊಬ್ಬರ ಹತ್ತಿರ ಇರಲಿಕ್ಕಿಲ್ಲ.”

“ಕೊಟ್ಟಿದ್ದು ಯಾರು?”

“ನನ್ನ ಮಗಳು. ಮೊದಲ ಸಂಬಳದಲ್ಲಿ ಹುಡುಕಿ ತಂದಳು.”

“ಆ ಮಗಳು ನಾನೇ ಅಪ್ಪಾ! ನನ್ನ ಮುಖ ನೋಡಿ!”

ಅಪ್ಪ ಅವಳ ಮುಖವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

“ಟೋಪಿ ನಕಲಿ, ತಾಯೀ. ಹೊಲಿದಿರೋದು ಪಾಲಿಯೆಸ್ಟರ್ ದಾರದಲ್ಲಿ, ಆಗ ಅದೆಲ್ಲಿತ್ತು? ನನ್ನ ಮಗಳಿಗೆ ಮಾತ್ರ ಹೇಳಿಬಿಡಬೇಡಿ.”