ಪಾಚಿ ಸಾಕಿದ ಅಳಿಯ

ಗಂಡ ಮೀನಿನ ತೊಟ್ಟಿಗೆ ಹೂಕುಂಡದ ಗೊಬ್ಬರ ಸುರಿಯುತ್ತಿದ್ದುದನ್ನು ಹೆಂಡತಿ ಬಾಗಿಲ ಸಂದಿಯಿಂದ ಕಂಡಳು. ಒಂದು ಚಮಚ ಹಾಕಿದ, ಯೋಚಿಸಿದ, ಇನ್ನರ್ಧ ಚಮಚ ಹಾಕಿದ. ಮೇಜಿನ ದೀಪವನ್ನು ಗಾಜಿನ ಹತ್ತಿರಕ್ಕೆ ಎಳೆದು, ಏನೂ ಅರಿಯದವನಂತೆ ಹಲ್ಲುಜ್ಜಲು ಹೋದ.

ಓಹೋ, ಇದೋ ಸಮಾಚಾರ! ನೀರು ದಿನೇ ದಿನೇ ಹಸಿರಾಗಿ, ಗಾಜಿಗೆ ಪಾಚಿ ಮೆತ್ತಿ, ಒಳಗೇನಿದೆಯೆಂದೇ ಕಾಣದಂತಾಗಿದ್ದು ಸುಮ್ಮನೆ ಅಲ್ಲ. ಮಹಾನುಭಾವ ನಮ್ಮಮ್ಮನ ಮೀನನ್ನು ಉಸಿರುಕಟ್ಟಿಸಿ ಕೊಲ್ಲಲು ಹೊರಟಿದ್ದಾನೆ!

ಕಾರಣ ಅವಳಿಗೆ ಚೆನ್ನಾಗಿ ಗೊತ್ತು. ಅಮ್ಮ ಮೀನು ಬಿಟ್ಟಿರುವವಳಲ್ಲ. ಅಕ್ಕನ ಮನೆಯಲ್ಲಿ ಮೂರು ಬೆಕ್ಕುಗಳು. ಅಲ್ಲಿಗೆ ಹೋದರೆ ಮೀನು ಉಳಿದೀತೇ? ಅದಕ್ಕೇ ಅಕ್ಕ ತಂಗಿಯರು ಮಾತಾಡಿಕೊಂಡಿದ್ದರು: ಮೀನು ಇರುವಷ್ಟು ದಿನ ಅಮ್ಮ ಇಲ್ಲಿ, ಆಮೇಲೆ ಅಲ್ಲಿ. ಅಕ್ಕನೋ ಆಗಾಗ ಫೋನ್ ಮಾಡಿ, "ಮೀನು ಹೇಗಿದೆ?" ಎಂದು ಆಸೆಯಿಂದ ವಿಚಾರಿಸುತ್ತಿದ್ದಳು. ಇತ್ತ ಅತ್ತೆ ಅಳಿಯನದು ಎಣ್ಣೆ ಸೀಗೆಕಾಯಿ. ಊರಿಗೆಲ್ಲ ಕಾರು ಕಲಿಸುವವನಿಗೆ, ಗಾಡಿ ಸೊಟ್ಟಗೆ ನಿಂತಿದೆಯೆಂದು ಅಮ್ಮ ದಿನವೂ ಕಿಟಕಿಯಿಂದ ಕೂಗುತ್ತಿದ್ದಳು. ಇಬ್ಬರೂ ಇಸ್ಪೀಟಿಗೆ ಕೂತರಂತೂ ಕೇಳುವುದೇ ಬೇಡ, "ಮೋಸ! ಮೋಸ!" ಎಂಬ ಅರಚಾಟ ಬೀದಿಯ ತುದಿಗೆ ಮುಟ್ಟುತ್ತಿತ್ತು.

ಆದರೆ ಅಮ್ಮ ಹೋದರೆ ಈ ಮನೆಯಲ್ಲಿ ತನ್ನನ್ನು ಪುಟ್ಟಿ ಅನ್ನುವವರು ಯಾರು? ನೆನೆದೊಡನೆ ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ಅಮ್ಮ ಬಂದು ತೊಟ್ಟಿಗೆ ಚಿಟಿಕೆ ಆಹಾರ ಉದುರಿಸಿದಳು. "ತಿನ್ನು ಬಂಗಾರ. ನೋಡೇ ಪುಟ್ಟಿ, ಎಷ್ಟು ದಪ್ಪಗಾಗಿದೆ!"

"ಅಮ್ಮಾ, ನಿಂಗೆ ಕಾಣ್ಸುತ್ತಾ? ತಡಿ, ತೊಟ್ಟಿ ತೊಳೀತೀನಿ."

"ಮುಟ್ಟಿದ್ರೆ ನೋಡು! ಅದಕ್ಕೆ ನಾಚಿಕೆ ಜಾಸ್ತಿ" ಎಂದು ಗದರಿಸಿ ಅಮ್ಮ ಅಡುಗೆಮನೆಗೆ ಹೋದಳು.

ಇನ್ನು ತಡೆಯಲಾಗಲಿಲ್ಲ. ಅವಳು ಮೊಣಕೈವರೆಗೆ ಕೈ ಮುಳುಗಿಸಿ ತಡಕಾಡಿದಳು. ಕಲ್ಲು ಸಿಕ್ಕಿತು, ಲೋಳೆ ಸಿಕ್ಕಿತು. ಮೀನು ಸಿಗಲಿಲ್ಲ.

"ಕೊಂದೇಬಿಟ್ರಾ, ಪುಣ್ಯಾತ್ಮ?"

ಬಾಯಿತುಂಬ ನೊರೆಯಿಟ್ಟುಕೊಂಡೇ ಗಂಡ ಓಡಿಬಂದ. "ಶ್! ಮೆತ್ತಗೆ ಮಾತಾಡೇ. ಅದು ತಾನಾಗೇ ಸತ್ತು ಎಷ್ಟೋ ದಿನ ಆಯ್ತು. ನಿಮ್ಮಮ್ಮನಿಗೆ ಕಾಣ್ಬಾರ್ದು ಅಂತ ಪಾಚಿ ಬೆಳೆಸ್ತಿದೀನಿ. ಗೊತ್ತಾದ್ರೆ ಹೊರಟುಬಿಡ್ತಾರೆ. ಆಮೇಲೆ ನಾನು ಯಾರ ಜೊತೆ ಜಗಳ ಆಡ್ಲಿ?"

ಅವಳು ಒದ್ದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಅಯ್ಯೋ ಅಳಿಯಂದ್ರೇ, ಮೀನು ಸತ್ತಿದ್ದನ್ನ ಇವಳಿಗ್ಯಾಕೆ ಹೇಳಿದ್ರಿ? ಇವಳ ಬಾಯಲ್ಲಿ ಮಾತು ನಿಲ್ಲಲ್ಲ, ದೊಡ್ಡವಳಿಗೆ ಗೊತ್ತಾದ್ರೆ ನನ್ನ ಎಳ್ಕೊಂಡು ಹೋಗ್ತಾಳೆ!"