ನೀರು ತುಂಬಿಟ್ಟುಕೊಳ್ಳಿ

ಮುಂಬಯಿಯ ಮುಲುಂಡಿನ ಹೌಸಿಂಗ್ ಸೊಸೈಟಿಯ ಕರಿಹಲಗೆಯ ಮುಂದೆ ಡಸ್ಟರ್ ಎತ್ತಿದ ಮಗಳ ಕೈಯನ್ನು ಮಹಾದೇವಿ ಗಪ್ಪನೆ ಹಿಡಿದಳು. "ಒರಸಬ್ಯಾಡ."

"ಮಮ್ಮಿ, ಪಪ್ಪಾನ ಶ್ರದ್ಧಾಂಜಲಿ ಬರಿಯಾಕ ಜಾಗಾ ಬೇಕಲ್ಲ? ಇದು ತೋ ಹಳೇ ನೋಟಿಸ್!" ಎಂದಳು ರಾಧಿಕಾ. ಸಜ್ಜನರು, ಪರೋಪಕಾರಿಗಳು ಎಂದೆಲ್ಲ ಅವಳು ಮೊಬೈಲಿನಲ್ಲಿ ಬರೆದುಕೊಂಡು ಬಂದಿದ್ದಳು. ಹಲಗೆಯ ಮೇಲಿದ್ದದ್ದು ಸೊಸೈಟಿಯ ಸೆಕ್ರೆಟರಿಯಾಗಿದ್ದ ಅವಳ ತಂದೆ ಸಿದ್ದಲಿಂಗಪ್ಪ ತೀರಿಕೊಳ್ಳುವ ಹಿಂದಿನ ಸಂಜೆ ಮರಾಠಿಯಲ್ಲಿ ದುಂಡಗೆ ಬರೆದ ಸಾಲು: ನಾಳೆ ನಳ ಬರುವುದಿಲ್ಲ, ಇವತ್ತೇ ನೀರು ತುಂಬಿಟ್ಟುಕೊಳ್ಳಿ.

ಲಿಫ್ಟಿನಿಂದ ಹೊರಬಂದ ಪಕ್ಕದ ಮನೆಯ ಹಾಲವ್ವ ಅದನ್ನು ನೋಡಿ ನಿಂತಳು. "ಅವತ್ತ ಅವರ ಮಣ್ಣು ಮುಗಿಸಿ ಬಂದವರು ಯಾರೂ ಜಳಕಕ್ಕ ನೀರಿಲ್ಲಂತ ಒದ್ದಾಡ್ಲಿಲ್ಲ ನೋಡವಾ. ಎಲ್ಲಾರ ಮನ್ಯಾಗೂ ಡ್ರಮ್ ತುಂಬಿತ್ತು. ತಾವು ಹೋಗೂ ದಿನದ ಬಂದೋಬಸ್ತ್‌ನೂ ತಾವೇ ಮಾಡಿ ಹೋದ್ರು ನಿಮ್ಮ ಮನಿಯವರು!"

ಮಹಾದೇವಿಗೆ ಅಷ್ಟು ದಿನಗಳಲ್ಲಿ ಮೊದಲ ಸಲ ನಗು ಬಂತು. ಮಗಳ ಕೈಯಿಂದ ಚಾಕ್ ತೆಗೆದುಕೊಂಡು, ಆ ಸಾಲಿನ ಕೆಳಗೆ ಗಂಡನ ಹೆಸರು ಬರೆದಳು.

"ಇಷ್ಟ ಸಾಕು," ಎಂದು ಕೈ ಝಾಡಿಸಿಕೊಂಡಳು.