ಎರಡೂ ಕಡೆ ಒಂದೇ

ನಾಲ್ಕನೇ ಸಾಲಿನ ಮೇಲಿಟ್ಟ ಬೆರಳನ್ನು ಅವಳು ತೆಗೆಯಲಿಲ್ಲ. ಆಸ್ಪತ್ರೆಯ ಮೂಲ ಡೇಟಾಬೇಸಿಗೂ, ಅದರಲ್ಲಾಗುವ ಪ್ರತಿ ಬದಲಾವಣೆಯನ್ನೂ ತಾನಾಗಿ ಮಾಡಿಕೊಳ್ಳುವ ಅದರ ನಕಲಿಗೂ ತಾಳೆಯಾಗುತ್ತದೆಯೇ ಎಂದು ನೋಡುವ ಟೆಸ್ಟ್ ಕೋಡ್ ಅದು. ಬರೆದವರು ಪಕ್ಕದ ಮೇಜಿನ ಹಿರಿಯರು. ಪರಿಶೀಲಿಸುವ ಕೆಲಸ ಅವಳದು. ಹೋಲಿಸುವ ಮೊದಲು ಟೆಸ್ಟ್ ಹಳೆಯ ದಾಖಲೆಗಳನ್ನೆಲ್ಲ ಅಳಿಸುತ್ತದೆ. ಅಳಿಸಬೇಕಾದದ್ದು ಪ್ರಯೋಗದ ಸರ್ವರಿನಲ್ಲಿ. ಬೆರಳ ಕೆಳಗಿದ್ದದ್ದು ಆಸ್ಪತ್ರೆಯ ಸರ್ವರಿನ ವಿಳಾಸ.

“ಸರ್, ಇದನ್ನ ಇನ್ನೂ ರನ್ ಮಾಡಿಲ್ಲ ತಾನೇ?”

“ಕಾಲು ಗಂಟೆ ಆಯ್ತಮ್ಮ. ಪಾಸಾಗಿದೆ. ಎರಡೂ ಕಡೆ ಒಂದೇ ಅಂತ ತೋರಿಸ್ತಿದೆ, ನೋಡು.”

ಯಾವ ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬ ಪಟ್ಟಿಯನ್ನು ಅವಳು ತಕ್ಷಣ ತೆರೆದಳು. ಮೂಲ ಖಾಲಿ. ಅಲ್ಲಿ ಅಳಿಸಿದ್ದನ್ನು ನಕಲೂ ಚಾಚೂ ತಪ್ಪದೆ ಅಳಿಸಿಕೊಂಡಿತ್ತು. ಎರಡೂ ಖಾಲಿಯಾಗಿದ್ದರಿಂದಲೇ ಟೆಸ್ಟ್ ಪಾಸಾಗಿತ್ತು. ಬಗ್ಗಿ ನೋಡಿದ ಹಿರಿಯರು “ಅಯ್ಯೋ, ಕೆಟ್ಟೆ!” ಎಂದು ಬ್ಯಾಕಪ್ ಹುಡುಕತೊಡಗಿದರು. ನಿನ್ನೆ ತೆಗೆದಿಟ್ಟ ಬ್ಯಾಕಪ್ ಇತ್ತು, ಆದರೆ ಅದನ್ನು ತುಂಬಿಸಲು ಒಂದು ಗಂಟೆ ಬೇಕು. ಅಲ್ಲಿಯವರೆಗೆ ವಾರ್ಡಿನ ಪರದೆಗಳು, ಯಾರಿಗೂ ಯಾವ ಔಷಧಿಯಿಂದಲೂ ತೊಂದರೆಯಿಲ್ಲ ಎಂದೇ ಹೇಳುತ್ತಿರುತ್ತವೆ.

ಅವಳು ವಾರ್ಡಿಗೆ ಫೋನ್ ಮಾಡಿದಳು. “ಸಿಸ್ಟರ್, ಸ್ಕ್ರೀನ್ ನಂಬಿ ಯಾರಿಗೂ ಔಷಧಿ ಕೊಡಬೇಡಿ. ಯಾವುದು ಒಗ್ಗಲ್ಲ ಅಂತ ಮೊದಲು ಮನೆಯವರನ್ನ ಕೇಳಿ.”



“ಸೂಜಿ ಕೈಯಲ್ಲೇ ಇದೆ,” ಎಂದಳು ನರ್ಸ್. “ಇನ್ನೂ ಚುಚ್ಚಿಲ್ಲ.”